ಜನವರಿ 26ರ ಆಮಂತ್ರಣದಲ್ಲಿ ‘ಧ್ವಜಾರೋಹಣ’ ಎಂದು ಅಚ್ಚು ಹಾಕಿಸಿದರೆ ತಪ್ಪೇ?

ಕರಿಹಲಗೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಕಳೆದ ಗಣರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದಿದ್ದ ಹಿರಿಯರೊಬ್ಬರು ವೇದಿಕೆಯ ಮೇಲೆಯೇ ಆಮಂತ್ರಣ ಪತ್ರಿಕೆಯನ್ನು ಎತ್ತಿ ಹಿಡಿದು, “ಇಲ್ಲಿ ಧ್ವಜಾರೋಹಣ ಎಂದು ಬರೆದಿದ್ದೀರಿ. ಆರೋಹಣ ಆಗಸ್ಟ್ 15ಕ್ಕೆ ಮಾತ್ರ. ಇಂದು ಆಗುವುದು ಧ್ವಜ ಅನಾವರಣ. ಶಿಕ್ಷಕರಿಗೇ ಇದು ತಿಳಿಯದಿದ್ದರೆ ಮಕ್ಕಳಿಗೆ ಏನು ಕಲಿಸುತ್ತೀರಿ?” ಎಂದು ಕೇಳಿದರು. ಪತ್ರಿಕೆಯ ಒಕ್ಕಣೆ ನನ್ನದೇ ಆಗಿದ್ದರಿಂದ ಎಲ್ಲರ ಕಣ್ಣೂ ನನ್ನ ಕಡೆಗೆ ತಿರುಗಿತು. ಈ ವರ್ಷವೂ ಪತ್ರಿಕೆ ಬರೆಯುವ ಕೆಲಸ ನನ್ನ ಪಾಲಿಗೇ ಬಂದಿದೆ. ಎರಡು ದಿನಗಳಿಗೆ ಎರಡು ಪದ ಎಂಬುದು ನಿಯಮವೇ, ವಾಡಿಕೆಯೇ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಹುಟ್ಟಿದ ಮಾತೇ? ತಿಳಿದವರು ತಿಳಿಸಬೇಕೆಂದು ಕೋರುತ್ತೇನೆ.

ಒಂದೇ ಮಾತು

ಅತಿಥಿಗಳು ಹೇಳಿದ್ದು ಸರಿ. ಆಗಸ್ಟ್‌ನಲ್ಲಿ ಆರೋಹಣ, ಜನವರಿಯಲ್ಲಿ ಅನಾವರಣ.

ಮೂರನೇ ಬೆಂಚು

ನಾನೂ ಹಾಗೆಯೇ ಕೇಳಿದ್ದೇನೆ. 1947ರಲ್ಲಿ ಬ್ರಿಟಿಷರ ಬಾವುಟ ಇಳಿದು ನಮ್ಮದು ಏರಿತು. ಆ ನೆನಪಿಗಾಗಿ ಸ್ವಾತಂತ್ರ್ಯೋತ್ಸವದಂದು ಕಂಬದ ಬುಡದಿಂದ ಬಾವುಟವನ್ನು ಮೇಲಕ್ಕೆ ಎಳೆಯುತ್ತಾರೆ. 1950ರ ಹೊತ್ತಿಗೆ ದೇಶ ಆಗಲೇ ಸ್ವತಂತ್ರವಾಗಿದ್ದರಿಂದ ಗಣರಾಜ್ಯೋತ್ಸವದಂದು ಬಾವುಟ ಕಂಬದ ತುದಿಯಲ್ಲಿಯೇ ಕಟ್ಟಿಕೊಂಡಿರುತ್ತದೆ, ಅದನ್ನು ಬಿಚ್ಚಿ ಅರಳಿಸುತ್ತಾರೆ. ಮೊದಲನೆಯದನ್ನು ಪ್ರಧಾನಿ ಕೆಂಪುಕೋಟೆಯಲ್ಲಿ, ಎರಡನೆಯದನ್ನು ರಾಷ್ಟ್ರಪತಿಗಳು ಕರ್ತವ್ಯ ಪಥದಲ್ಲಿ ನೆರವೇರಿಸುತ್ತಾರೆ. ವಿವರಣೆ ಅಚ್ಚುಕಟ್ಟಾಗಿದೆಯಲ್ಲವೇ?

ಕಾಯಿದೆ ಕನ್ನಡಕ

ಅಚ್ಚುಕಟ್ಟಾಗಿದೆ, ನನ್ನ ಅನುಮಾನವೂ ಅಲ್ಲಿಂದಲೇ ಹುಟ್ಟುತ್ತದೆ. ಕೆಂಪುಕೋಟೆಯ ಮೇಲೆ ನೆಹರೂ ಅವರು ಮೊದಲು ಬಾವುಟ ಹಾರಿಸಿದ್ದು 1947ರ ಆಗಸ್ಟ್ 16ರಂದು, 15ರಂದಲ್ಲ. ಅದು ಹೋಗಲಿ, ಮೂಲ ಪ್ರಶ್ನೆಗೆ ಬರೋಣ.

ಈಗ ಜಾರಿಯಲ್ಲಿರುವುದು 2002ರ ಜನವರಿ 26ರಿಂದ ಜಾರಿಗೆ ಬಂದ ಭಾರತದ ಧ್ವಜ ಸಂಹಿತೆ. ಅದರ ಜೊತೆಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯಿದೆ, 1971ರ ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯಿದೆ ಇವೆ. ಸಂಹಿತೆಯಲ್ಲಿ ಬಾವುಟದೊಳಗೆ ಹೂವಿನ ಎಸಳು ಇಡುವ ಬಗ್ಗೆ ಒಂದು ವಾಕ್ಯವಿದೆ. ಬಾವುಟವನ್ನು ಏನನ್ನಾದರೂ ತುಂಬಿಡುವ, ಹೊತ್ತೊಯ್ಯುವ ಚೀಲದಂತೆ ಬಳಸಕೂಡದು. ಆದರೆ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದಂತಹ ರಾಷ್ಟ್ರೀಯ ದಿನಗಳಲ್ಲಿ, ವಿಶೇಷ ಸಂದರ್ಭಗಳಲ್ಲಿ ಅದನ್ನು ಬಿಚ್ಚಿ ಅರಳಿಸುವ ಮುನ್ನ ಒಳಗೆ ಎಸಳು ಇಡಲು ಅಭ್ಯಂತರವಿಲ್ಲ ಎಂದು ಅದು ಹೇಳುತ್ತದೆ. ಇಂಗ್ಲಿಷ್ ಮೂಲದಲ್ಲಿ ಅಲ್ಲಿರುವ ಪದ ‘ಅನ್‌ಫರ್ಲ್’. ಒಂದೇ ವಾಕ್ಯದಲ್ಲಿ ಎರಡೂ ದಿನಗಳಿವೆ, ಎರಡಕ್ಕೂ ಸೇರಿ ಒಂದೇ ಕ್ರಿಯಾಪದವಿದೆ. ಆಗಸ್ಟ್ 15ಕ್ಕೆ ‘ಅನ್‌ಫರ್ಲ್’ ಎನ್ನುವುದು ತಪ್ಪಾಗಿದ್ದರೆ ಸಂಹಿತೆಯೇ ತಪ್ಪು ಮಾಡಿದೆ ಎಂದಾಗುತ್ತದೆ. ಇಂತಹ ದಿನಕ್ಕೆ ಇಂತಹ ಪದ ಎಂಬ ವಿಧಿ ಅದರಲ್ಲಿ ಎಲ್ಲಿಯೂ ಇಲ್ಲ.

ಒಂದೇ ಮಾತು

ನಿಯಮದಲ್ಲಿ ಇಲ್ಲದಿದ್ದರೆ ಸಂಪ್ರದಾಯವೂ ಇಲ್ಲವೆಂದು ಆಗುತ್ತದೆಯೇ?

ಕಾಯಿದೆ ಕನ್ನಡಕ

ಖಂಡಿತ ಇಲ್ಲ. ದೆಹಲಿಯ ಸಮಾರಂಭಗಳ ಬಗ್ಗೆ ಬರೆಯುವವರು ಈ ವ್ಯತ್ಯಾಸವನ್ನು ಪಾಲಿಸಿದರೆ ಪಾಲಿಸಲಿ, ಅದು ಕೇಳಲೂ ಚೆನ್ನಾಗಿದೆ. ಹಳ್ಳಿಯ ಶಾಲೆಯ ಶಿಕ್ಷಕಿಯನ್ನು ಮಕ್ಕಳ ಮುಂದೆ ನಿಲ್ಲಿಸಿ ‘ತಪ್ಪು’ ಎನ್ನುವುದಕ್ಕೆ ಅಷ್ಟು ಸಾಲದು ಎಂಬುದಷ್ಟೇ ನನ್ನ ತಕರಾರು.

ಅರ್ಥಕೋಶ

ಕಾನೂನಿನ ಮಾತು ಆಯಿತು, ಕನ್ನಡದ ಮಾತನ್ನೂ ಆಡೋಣ. ‘ಅನಾವರಣ’ ಎಂದರೆ ಮುಚ್ಚಿದ್ದ ಹೊದಿಕೆಯನ್ನು ತೆಗೆಯುವುದು. ಪ್ರತಿಮೆಯ ಮೇಲಿನ ಬಟ್ಟೆ ಸರಿಸಿದರೆ ಅದು ಪ್ರತಿಮೆಯ ಅನಾವರಣ. ಬಾವುಟಕ್ಕೆ ಯಾರೂ ಹೊದಿಕೆ ಹೊದಿಸಿರುವುದಿಲ್ಲ. ಅದು ತನ್ನ ಮಡಿಕೆಯಲ್ಲಿಯೇ ಮುದುಡಿಕೊಂಡಿರುತ್ತದೆ, ಗಂಟು ಸಡಿಲವಾದೊಡನೆ ಬಿಚ್ಚಿಕೊಳ್ಳುತ್ತದೆ. ಇಂಗ್ಲಿಷಿನ ಆ ಪದಕ್ಕೆ ಯಾರೋ ತುರ್ತಿನಲ್ಲಿ ಪ್ರತಿಮೆಯ ಪದವನ್ನು ತಂದು ಅಂಟಿಸಿದ್ದಾರೆ. ತಮಾಷೆಯೆಂದರೆ, ಪ್ರತಿಮೆಯ ಅನಾವರಣಕ್ಕೆ ರಾಷ್ಟ್ರಧ್ವಜವನ್ನೇ ಹೊದಿಕೆಯಾಗಿ ಬಳಸಬಾರದು ಎಂದು ಸಂಹಿತೆ ಬೇರೆಯಾಗಿ ಹೇಳುತ್ತದೆ. ಬಾವುಟಕ್ಕೂ ಅನಾವರಣಕ್ಕೂ ಅಲ್ಲಿರುವ ನಂಟು ಅಷ್ಟೇ.

ಇನ್ನು ‘ಧ್ವಜಾರೋಹಣ’ ಗಣರಾಜ್ಯಕ್ಕಿಂತ ಎಷ್ಟೋ ಹಳೆಯ ಪದ. ದೇವಸ್ಥಾನದ ಬ್ರಹ್ಮೋತ್ಸವ ಆರಂಭವಾಗುವುದೇ ಧ್ವಜಾರೋಹಣದಿಂದ. ವಿಷ್ಣು ದೇವಾಲಯವಾದರೆ ಗರುಡಪಟ ಏರುತ್ತದೆ, ಉತ್ಸವ ಮುಗಿದ ಮೇಲೆ ಧ್ವಜಾವರೋಹಣ. ಅಲ್ಲಿಂದ ಬಂದ ಪದವನ್ನು ನಮ್ಮ ಹಿರಿಯರು ರಾಷ್ಟ್ರೀಯ ಸಮಾರಂಭಕ್ಕೂ ಹೊಂದಿಸಿಕೊಂಡರು. ಹಗ್ಗ ಎಷ್ಟು ಮೊಳ ಓಡಿತು ಎಂದು ಅಳೆದು ಯಾರೂ ಆ ಹೆಸರಿಟ್ಟಿರಲಿಲ್ಲ.

ಕಡಲ ತಡಿ

ನಮ್ಮ ಕಡೆ ಜಾತ್ರೆಗೆ ‘ಕೊಡಿ ಏರುವುದು’, ‘ಕೊಡಿ ಇಳಿಯುವುದು’ ಎನ್ನುತ್ತೇವೆ. ಕೊಡಿ ಏರಿದ ಮೇಲೆ ಇಳಿಯುವ ತನಕ ಊರಿನವರು ಬೇರೆ ಕಡೆ ಹೋಗಿ ತಂಗಬಾರದು ಎಂದು ನಮ್ಮ ಅಜ್ಜಿ ಕಟ್ಟುನಿಟ್ಟು ಮಾಡುತ್ತಿದ್ದರು. ಅರ್ಥಕೋಶದವರ ಮಾತನ್ನು ನಾನು ಒಪ್ಪುತ್ತೇನೆ.

ಮೂರನೇ ಬೆಂಚು

ಹಾಗಿದ್ದರೆ ‘ಬಾವುಟ’ ಎನ್ನಬೇಕೋ ‘ಧ್ವಜ’ ಎನ್ನಬೇಕೋ? ನಮ್ಮ ಕಚೇರಿಯಲ್ಲಿ ಒಬ್ಬರು ‘ಬಾವುಟ’ ಎಂದರೆ ಅಗೌರವ ಎನ್ನುತ್ತಾರೆ.

ಅರ್ಥಕೋಶ

ಅದರಲ್ಲಿ ಅಗೌರವವೇನೂ ಇಲ್ಲ. ‘ಬಾವುಟ’ ಮರಾಠಿಯ ‘ಬಾವಟಾ’ ಪದದ ಸೋದರ. ಹಳಗನ್ನಡದಲ್ಲಿ ‘ಗುಡಿ’ ಎಂದರೂ ಧ್ವಜವೇ. ‘ಗುಡಿ ತೋರಣ’ ಎಂಬ ಜೋಡುನುಡಿಯಲ್ಲಿ ಇರುವುದು ದೇವಸ್ಥಾನವಲ್ಲ, ಬಾವುಟ. ಬರವಣಿಗೆಯಲ್ಲಿ ‘ರಾಷ್ಟ್ರಧ್ವಜ’, ಮಾತಿನಲ್ಲಿ ‘ಬಾವುಟ’, ಇನ್ನೂ ಸಲಿಗೆಯಾದರೆ ‘ಝಂಡಾ’. ‘ತಿರಂಗಾ’ ಹಿಂದಿಯವರ ಮುದ್ದಿನ ಹೆಸರು, ನಮಗೆ ‘ತ್ರಿವರ್ಣ ಧ್ವಜ’ ಇದೆ. ನನಗೆ ಕಿರಿಕಿರಿಯಾಗುವುದು ‘ತ್ರಿವರ್ಣ ಧ್ವಜದ ನಾಲ್ಕು ಬಣ್ಣಗಳು’ ಎಂಬ ರಸಪ್ರಶ್ನೆ ಮಾತ್ರ.

ಪಿನಾಕಿನಿ ದಂಡೆ

ಹೆಸರಿನ ವಿಷಯ ಬಂದಿದ್ದರಿಂದ ಒಂದು ಮಾತು ಹೇಳಬೇಕು. ನಾನು ವಿದುರಾಶ್ವತ್ಥದ ಹತ್ತಿರದವನು. 1938ರ ಏಪ್ರಿಲ್ 25ರಂದು ಅಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದೇ ತಿಂಗಳು ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜ ಹಾರಿಸಿದ್ದರು. ಸತ್ತವರು ಆರೋಹಣಕ್ಕೆಂದು ಬಂದಿದ್ದರೋ ಅನಾವರಣಕ್ಕೆಂದು ಬಂದಿದ್ದರೋ ಎಂದು ನಮ್ಮೂರಿನಲ್ಲಿ ಯಾರೂ ಇದುವರೆಗೆ ಕೇಳಿಲ್ಲ.

ಒಂದೇ ಮಾತು

ಗೌರವದಿಂದಲೇ ಒಂದು ತಿದ್ದುಪಡಿ: 1938ರಲ್ಲಿ ಅದು ರಾಷ್ಟ್ರಧ್ವಜವಾಗಿರಲಿಲ್ಲ, ಕಾಂಗ್ರೆಸ್ ಧ್ವಜವಾಗಿತ್ತು. ನಡುವೆ ಚರಕವಿತ್ತು.

ಪಿನಾಕಿನಿ ದಂಡೆ

ಚರಕವಿತ್ತು ಎಂಬುದು ನಿಜ, ಕಾಂಗ್ರೆಸ್ 1931ರಲ್ಲಿ ಒಪ್ಪಿಕೊಂಡ ಕೇಸರಿ, ಬಿಳಿ, ಹಸಿರಿನ ಬಾವುಟ ಅದು. ಆದರೆ ಹಾರಿಸಿದವರು ಅದನ್ನು ಕರೆದದ್ದು ರಾಷ್ಟ್ರಧ್ವಜ ಎಂದೇ. ಸಂಸ್ಥಾನದ ಸರ್ಕಾರ ‘ಅದೊಂದು ಪಕ್ಷದ ಬಾವುಟ’ ಎಂದಿತು, ಜನ ‘ಅಲ್ಲ, ಅದು ದೇಶದ್ದು’ ಎಂದರು. ಜಗಳದ ಮೂಲವೇ ಆ ಹೆಸರು, ಸ್ವಾಮಿ. ಗೋಲಿಬಾರಿನ ನಂತರ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಕಾಂಗ್ರೆಸ್ಸಿನ ವಲ್ಲಭಭಾಯಿ ಪಟೇಲರ ನಡುವೆ ಆದ ಮಿರ್ಜಾ–ಪಟೇಲ್ ಒಪ್ಪಂದದಲ್ಲಿ ಮೈಸೂರು ಸಂಸ್ಥಾನದ ಧ್ವಜದ ಜೊತೆಗೆ ಇದನ್ನೂ ಹಾರಿಸಲು ಅವಕಾಶ ಸಿಕ್ಕಿತು. ಹೆಸರಿಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಬೆಲೆ ಎಲ್ಲಿದೆ ಎಂಬುದನ್ನು ನೋಡಿಕೊಂಡು ವಾದಿಸಿ ಎನ್ನುತ್ತಿದ್ದೇನೆ.

ಒಂದೇ ಮಾತು

ಒಪ್ಪಿದೆ. ನನ್ನ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯುವುದಿಲ್ಲ, ಆದರೆ ತಮ್ಮ ಮಾತು ಅದಕ್ಕಿಂತ ದೊಡ್ಡದು.

ಕಾಯಿದೆ ಕನ್ನಡಕ

ಚರಕದ ಜಾಗಕ್ಕೆ ಚಕ್ರ ಬಂದದ್ದು 1947ರ ಜುಲೈ 22ರಂದು, ಸಂವಿಧಾನ ಸಭೆಯಲ್ಲಿ. ನಿರ್ಣಯವನ್ನು ಮಂಡಿಸಿದವರು ನೆಹರೂ. ಮೇಲಿನ ಪಟ್ಟಿ ಗಾಢ ಕೇಸರಿ, ಚಕ್ರ ಸಾರನಾಥದ ಅಶೋಕ ಸ್ತಂಭದ ಬೋದಿಗೆಯಲ್ಲಿರುವುದರ ಮಾದರಿಯದು, ಬಣ್ಣ ಕಡುನೀಲಿ, ಅಗಲ ಮತ್ತು ಉದ್ದದ ಪ್ರಮಾಣ 2:3. ಚಕ್ರದ ಅರಗಳು 24.

ಮೂರನೇ ಬೆಂಚು

ವಿನ್ಯಾಸಕಾರರು ಪಿಂಗಳಿ ವೆಂಕಯ್ಯನವರು ತಾನೇ?

ಕಾಯಿದೆ ಕನ್ನಡಕ

1921ರಲ್ಲಿ ಬೆಜವಾಡದಲ್ಲಿ ಗಾಂಧೀಜಿಯವರ ಮುಂದೆ ವೆಂಕಯ್ಯನವರು ಇಟ್ಟ ಬಾವುಟದಿಂದಲೇ ಈ ಪರಂಪರೆ ಆರಂಭವಾಯಿತು. ಚಕ್ರವಿರುವ ಕೊನೆಯ ರೂಪದ ಹಿಂದೆ ಸುರೈಯಾ ತ್ಯಾಬ್ಜಿಯವರ ಕೈ ಇದೆ ಎಂದು ವಾದಿಸುವವರೂ ಇದ್ದಾರೆ. ಆ ಜಗಳಕ್ಕೆ ಇಲ್ಲಿ ಬಾಗಿಲು ತೆರೆಯಬೇಡಿ, ಮೇಡಂ ಅವರ ಆಮಂತ್ರಣ ಮುಂದಿನ ಗಣರಾಜ್ಯೋತ್ಸವಕ್ಕೂ ಅಚ್ಚಾಗುವುದಿಲ್ಲ.

ಹಗ್ಗ ಹಿಡಿದವ

ಮೂವತ್ತೊಂದು ವರ್ಷ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು ನಾನು. ವರ್ಷಕ್ಕೆ ಎರಡು ಸಲದಂತೆ ಲೆಕ್ಕ ಹಾಕಿಕೊಳ್ಳಿ, ಜೊತೆಗೆ ಕ್ರೀಡಾಕೂಟಗಳು. ಆಗಸ್ಟ್ ಇರಲಿ, ಜನವರಿ ಇರಲಿ, ನಾವು ಮಾಡುತ್ತಿದ್ದದ್ದು ಒಂದೇ ಕೆಲಸ: ಬಾವುಟವನ್ನು ಮಡಿಸಿ, ಎಸಳು ತುಂಬಿ, ಕಂಬದ ತುದಿಗೆ ಏರಿಸಿ, ಗಂಟು ಹಾಕಿ ಕಾಯುವುದು. ಬಂದ ಗಣ್ಯರು ಹಗ್ಗ ಎಳೆದರೆ ಅದು ಅರಳುತ್ತಿತ್ತು. ನಾಡಿನ ಬಹುಪಾಲು ಶಾಲೆಗಳಲ್ಲಿ ಎರಡೂ ದಿನ ಹೀಗೆಯೇ ನಡೆಯುತ್ತದೆ. ಕ್ರಿಯೆ ಒಂದೇ ಆಗಿರುವಾಗ ಹೆಸರು ಮಾತ್ರ ಎರಡಾಗಬೇಕು ಎನ್ನುವವರು ಒಮ್ಮೆ ಕಂಬದ ಬುಡಕ್ಕೆ ಬಂದು ನಿಲ್ಲಲಿ.

ನನ್ನನ್ನು ಕೇಳಿದರೆ ಮೇಡಂ ಅವರು ಪತ್ರಿಕೆಗಿಂತ ಹೆಚ್ಚಾಗಿ ಗಂಟಿನ ಬಗ್ಗೆ ಯೋಚಿಸಬೇಕು. ಅದು ಜೀರುಗುಣಿಕೆಯೇ ಆಗಿರಬೇಕು. ಮಡಿಸಿದ ಬಾವುಟದ ಸುತ್ತ ಕೆಳಗಿನ ಹಗ್ಗವನ್ನು ಎರಡು ಸುತ್ತು ತಂದು, ಅದೇ ಹಗ್ಗವನ್ನು ಬೆರಳುದ್ದ ಮಡಚಿ ಸುತ್ತಿನ ಅಡಿಗೆ ತೂರಿಸಬೇಕು. ತುದಿಯನ್ನು ಎಂದಿಗೂ ಪೂರ್ತಿಯಾಗಿ ದಾಟಿಸಬಾರದು. ದಾಟಿಸಿದರೆ ಅದು ಕಗ್ಗಂಟಾಗುತ್ತದೆ, ಎಳೆದಷ್ಟೂ ಬಿಗಿಯುತ್ತದೆ. ಎಸಳುಗಳು ಒಂದು ಬೊಗಸೆಗಿಂತ ಹೆಚ್ಚು ಬೇಡ. ಹಿಂದಿನ ರಾತ್ರಿಯೇ ತುಂಬಿಟ್ಟರೆ ಒದ್ದೆಯಾಗಿ ಮುದ್ದೆ ಕಟ್ಟುತ್ತವೆ, ಬಾವುಟ ಅರಳುವ ಬದಲು ಜೋತು ಬೀಳುತ್ತದೆ.

ಕರಿಹಲಗೆ

ಮೇಷ್ಟ್ರೇ, ನಿಮಗೆ ಹೇಗೆ ತಿಳಿಯಿತೋ ಕಾಣೆ! ಕಳೆದ ವರ್ಷ ಆಮಂತ್ರಣದ ಮಾತಿಗಿಂತ ದೊಡ್ಡ ಪೇಚಾಟ ಅದೇ ಆಗಿತ್ತು. ಅತಿಥಿಗಳು ಮೂರು ಸಲ ಎಳೆದರೂ ಗಂಟು ಬಿಚ್ಚಲಿಲ್ಲ. ನಾಲ್ಕನೆಯ ಸಲ ನಮ್ಮ ಅಡುಗೆಯ ಅಕ್ಕ ಬಂದು ಹಗ್ಗವನ್ನು ಒಮ್ಮೆ ಸಡಿಲ ಬಿಟ್ಟು ಝಾಡಿಸಿದ ಮೇಲೆ ಬಿಚ್ಚಿಕೊಂಡಿತು. ಎಸಳುಗಳು ಉದುರಲಿಲ್ಲ, ಒಂದೇ ಉಂಡೆಯಾಗಿ ಅತಿಥಿಗಳ ಭುಜದ ಮೇಲೆ ಬಿದ್ದವು. ಬಹುಶಃ ಅವರ ಸಿಟ್ಟು ಪದದ ಮೇಲೆ ಇರಲಿಲ್ಲವೇನೋ.

ಕಡಲ ತಡಿ

ಈಗ ಗೊತ್ತಾಯಿತು ಅನಾವರಣದ ಗುಟ್ಟು.

ನೂಲಿನೆಳೆ

ಪದಗಳ ಬಗ್ಗೆ ಇಷ್ಟು ಬರೆದಿರಿ, ಬಟ್ಟೆಯ ಬಗ್ಗೆ ಯಾರೂ ಕೇಳಲಿಲ್ಲ. ನಾನು ಧಾರವಾಡದ ಕಡೆಯವನು. ಗರಗದ ಖಾದಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ಬಾವುಟ ಇವು ನಮಗೆ ಮನೆಮಾತು. ರಾಷ್ಟ್ರಧ್ವಜಕ್ಕೆ ಭಾರತೀಯ ಮಾನಕವಿದೆ, ಅದರ ಸಂಖ್ಯೆಯೇ ಐಎಸ್ 1. ಮಾನಕಗಳ ಸಾಲಿನಲ್ಲಿ ಒಂದನೆಯ ಸ್ಥಾನ ಬಾವುಟಕ್ಕೆ! ನೂಲು, ಬಣ್ಣ, ಅಳತೆ, ಹೊಲಿಗೆ ಎಲ್ಲವನ್ನೂ ಅದು ಗೊತ್ತುಪಡಿಸುತ್ತದೆ. ಅಳತೆಗಳು ಒಂಬತ್ತು, ದೊಡ್ಡದು 6300 ಮಿಲಿಮೀಟರ್ ಉದ್ದ 4200 ಮಿಲಿಮೀಟರ್ ಅಗಲದ್ದು, ಮೇಜಿನ ಮೇಲೆ ಇಡುವ ಚಿಕ್ಕದು 150ಕ್ಕೆ 100.

ಶಾಲೆಯ ಕಂಬಕ್ಕೆ ಯಾವ ಅಳತೆ ಒಪ್ಪುತ್ತದೆ ಎಂಬುದನ್ನು ಕಂಬದ ಎತ್ತರ ನೋಡಿ ತೀರ್ಮಾನಿಸಿ. ಆದರೆ ಕೊಳ್ಳುವ ಮೊದಲು ಅರಗಳನ್ನು ಎಣಿಸಿ. ಅಂಗಡಿಯೊಂದರಲ್ಲಿ ನನ್ನ ಮಗಳು ಹಾಗೆ ಎಣಿಸಿದಳು: ಮೊದಲನೆಯದರಲ್ಲಿ 20, ಎರಡನೆಯದರಲ್ಲಿ 22, ಮೂರನೆಯದರಲ್ಲಿ 24 ಇದ್ದರೂ ಚಕ್ರ ಮೊಟ್ಟೆಯ ಆಕಾರದಲ್ಲಿತ್ತು. ಅಂಗಡಿಯವರು “ಮೇಲೆ ಹಾರುವಾಗ ಯಾರಿಗೆ ಕಾಣುತ್ತದೆ?” ಎಂದರು. ಮಗಳು “ನನಗೆ ಕಾಣುತ್ತದೆ” ಎಂದಳು. ಬರಿಗೈಯಲ್ಲಿ ಹೊರಟು ಬಂದೆವು.

ಮೂರನೇ ಬೆಂಚು

ಪಾಲಿಯೆಸ್ಟರ್ ಬಾವುಟ ಕಾನೂನುಬಾಹಿರ ಅಲ್ಲವೇ?

ಕಾಯಿದೆ ಕನ್ನಡಕ

ಈಗ ಅಲ್ಲ. 2021ರ ಡಿಸೆಂಬರ್ 30ರ ತಿದ್ದುಪಡಿಯ ನಂತರ ಕೈಯಲ್ಲಿ ನೂತು ನೇಯ್ದದ್ದರ ಜೊತೆಗೆ ಯಂತ್ರದಲ್ಲಿ ತಯಾರಾದದ್ದಕ್ಕೂ ಒಪ್ಪಿಗೆ ಇದೆ. ಹತ್ತಿ, ಪಾಲಿಯೆಸ್ಟರ್, ಉಣ್ಣೆ, ರೇಷ್ಮೆ, ಖಾದಿ ಯಾವುದಾದರೂ ಆಗಬಹುದು.

ನೂಲಿನೆಳೆ

ಒಪ್ಪಿಗೆ ಇದೆ, ಒಲವು ಬೇಡವೇ? ಚರಕದಿಂದ ಬಂದ ಬಾವುಟ ಇಂದು ಯಂತ್ರದಿಂದ ಟನ್‌ಗಟ್ಟಲೆ ಉದುರುತ್ತಿದೆ. ಖಾದಿ ದುಬಾರಿ ಎಂಬುದು ನನಗೂ ತಿಳಿದಿದೆ. ಆದರೂ ವರ್ಷಕ್ಕೆ ಎರಡು ದಿನ ಹಾರಿಸುವ ಶಾಲೆ ಒಂದು ಒಳ್ಳೆಯ ಖಾದಿ ಬಾವುಟವನ್ನು ಕೊಂಡು ಜೋಪಾನ ಮಾಡಿದರೆ ಹಲವು ವರ್ಷ ಬಾಳುತ್ತದೆ.

ಹಗ್ಗ ಹಿಡಿದವ

ಅದರಲ್ಲಿ ಇನ್ನೊಂದು ಅನುಕೂಲವಿದೆ. ಸರಿಯಾಗಿ ಹೊಲಿದ ಖಾದಿ ಬಾವುಟದ ಪಟ್ಟಿಯೊಳಗೆ ಹಗ್ಗ ಹಾದಿರುತ್ತದೆ. ಒಂದು ತುದಿಯಲ್ಲಿ ಮರದ ಸಣ್ಣ ಗೂಟ, ಇನ್ನೊಂದು ತುದಿಯಲ್ಲಿ ಬರಿಯ ಹಗ್ಗ. ಗೂಟದ ತುದಿ ಯಾವಾಗಲೂ ಮೇಲಕ್ಕೆ, ಅಂದರೆ ಕೇಸರಿಯ ಕಡೆಗೆ. ಕತ್ತಲಲ್ಲಿ ಕಟ್ಟಿದರೂ ಕೈಗೆ ತಿಳಿಯುತ್ತದೆ. ಎರಡೂ ತುದಿ ಒಂದೇ ತರಹ ಇರುವ ಅಗ್ಗದ ಬಾವುಟವನ್ನು ಮಡಿಸಿದ ಮೇಲೆ ತಲೆ ಯಾವುದು, ಕಾಲು ಯಾವುದು ಎಂದು ಮರೆತೇ ಪ್ರತಿವರ್ಷ ಎಲ್ಲಿಯೋ ಒಂದು ಕಡೆ ಹಸಿರು ಮೇಲಾಗಿ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ.

ಮೂರನೇ ಬೆಂಚು

ನಾನೂ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯ ಬಾಲ್ಕನಿಯಲ್ಲಿ ಬಾವುಟವನ್ನು ಉದ್ದಕ್ಕೆ ಇಳಿಬಿಟ್ಟಿದ್ದೆ. ಕೇಸರಿ ಯಾವ ಕಡೆಗೆ ಬರಬೇಕು?

ಕಾಯಿದೆ ಕನ್ನಡಕ

ನೋಡುವವರ ಎಡಕ್ಕೆ, ಬಾವುಟವನ್ನೇ ಒಬ್ಬ ವ್ಯಕ್ತಿ ಎಂದು ಭಾವಿಸಿದರೆ ಅದರ ಬಲಕ್ಕೆ. ಬೀದಿಯಿಂದ ನೋಡಿ ಸರಿಪಡಿಸಿ, ಕೋಣೆಯೊಳಗಿನಿಂದ ನೋಡಿದರೆ ತಿರುಗುಮುರುಗಾಗುತ್ತದೆ. ಭಾಷಣ ಮಾಡುವ ವೇದಿಕೆಯ ಮೇಲೆ ಕಂಬದಲ್ಲಿ ನಿಲ್ಲಿಸುವುದಾದರೆ, ಸಭೆಗೆ ಮುಖ ಮಾಡಿದ ಭಾಷಣಕಾರರ ಬಲಗಡೆಗೆ ಇರಬೇಕು.

ಮೂರನೇ ಬೆಂಚು

ರಾತ್ರಿ ಇಳಿಸಲಿಲ್ಲ ಎಂದು ಪಕ್ಕದ ಮನೆಯವರು ಬೈದಿದ್ದೂ ಇದೆ.

ಕಾಯಿದೆ ಕನ್ನಡಕ

ಅವರದು 2022ರ ಜುಲೈಗಿಂತ ಹಿಂದಿನ ತಿಳಿವಳಿಕೆ. ಮೊದಲು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಂದಿತ್ತು, ಆ ತಿದ್ದುಪಡಿಯ ನಂತರ ಬಯಲಿನಲ್ಲಾಗಲಿ ಸಾರ್ವಜನಿಕರ ಮನೆಯ ಮೇಲಾಗಲಿ ಹಗಲು ರಾತ್ರಿ ಹಾರಬಹುದು. ಮನೆಯ ಮೇಲೆ ಹಾರಿಸುವುದೇ ಒಂದು ಕಾಲಕ್ಕೆ ವ್ಯಾಜ್ಯವಾಗಿತ್ತು ಎಂಬುದನ್ನು ಮರೆಯಬೇಡಿ. ನವೀನ್ ಜಿಂದಾಲ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರ ಜನವರಿ 23ರಂದು, ಘನತೆಯಿಂದ ಧ್ವಜ ಹಾರಿಸುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ, ಆದರೆ ಕಟ್ಟುಪಾಡಿಲ್ಲದ ಹಕ್ಕಲ್ಲ ಎಂದು ತೀರ್ಪು ನೀಡಿತು.

ಒಂದೇ ಮಾತು

ಕಾರಿನ ಮುಂದೆ ಕಟ್ಟಿಕೊಂಡು ಓಡಾಡುವವರ ಕಥೆ?

ಕಾಯಿದೆ ಕನ್ನಡಕ

ಅದು ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲರು, ಪ್ರಧಾನಿ, ಮಂತ್ರಿಗಳು, ನ್ಯಾಯಮೂರ್ತಿಗಳು ಎಂದು ಸಂಹಿತೆ ಪಟ್ಟಿ ಮಾಡಿದವರಿಗೆ ಮಾತ್ರ ಇರುವ ಗೌರವ. ಉಳಿದವರ ಅಭಿಮಾನ ಕಾರಿನೊಳಗೆ ಇರಲಿ.

ಕಡಲ ತಡಿ

ನನ್ನ ಅನುಮಾನ ಬೇರೆ. ನಮ್ಮ ಸಂಘದಲ್ಲಿ ಧ್ವಜಸ್ತಂಭಕ್ಕೆ ಸೇವಂತಿಗೆ ಹಾರ ಸುತ್ತಿ, ಮೇಲಿನಿಂದ ನಾಲ್ಕೂ ದಿಕ್ಕಿಗೆ ಕಾಗದದ ಪುಟ್ಟ ತ್ರಿವರ್ಣ ಧ್ವಜಗಳ ತೋರಣ ಎಳೆಯುತ್ತಾರೆ. ನೋಡಲು ಬಲು ಚೆಂದ. ಅದಕ್ಕೇನಾದರೂ ತೊಂದರೆಯಿದೆಯೇ?

ಕಾಯಿದೆ ಕನ್ನಡಕ

ಎರಡಕ್ಕೂ ಇದೆ. ಬಾವುಟ ಹಾರುವ ಕಂಬದ ಮೇಲಾಗಲಿ ಅದರ ತುದಿಯಲ್ಲಾಗಲಿ ಹೂವು, ಹಾರ, ಲಾಂಛನ ಸೇರಿದಂತೆ ಯಾವ ವಸ್ತುವನ್ನೂ ಇಡಕೂಡದು ಎಂದಿದೆ. ರಾಷ್ಟ್ರಧ್ವಜವನ್ನು ತೋರಣವಾಗಿ, ಅಲಂಕಾರವಾಗಿ ಬಳಸುವಂತೆಯೂ ಇಲ್ಲ. ಬಣ್ಣದ ಕಾಗದದ ಬರಿಯ ತೋರಣ ಕಟ್ಟಿ, ಯಾರೂ ಬೇಡ ಎನ್ನುವುದಿಲ್ಲ. ಅದೂ ಬಾವುಟಕ್ಕಿಂತ ಮೇಲೆ ಹೋಗದಿರಲಿ. ಕಾಗದದ ಬಾವುಟ ಮಕ್ಕಳ ಕೈಯಲ್ಲಿ ಬೀಸಲು ಇರುವಂಥದ್ದು, ಮುಗಿದ ಮೇಲೆ ನೆಲಕ್ಕೆ ಎಸೆಯುವಂತಿಲ್ಲ.

ಕಡಲ ತಡಿ

ಅಯ್ಯೋ, ಹಾರ ಹಾಕುವುದೇ ಅಧ್ಯಕ್ಷರ ಮುಖ್ಯ ಕಾರ್ಯಕ್ರಮ! ಅದನ್ನು ಗಾಂಧೀಜಿಯವರ ಭಾವಚಿತ್ರಕ್ಕೆ ತಿರುಗಿಸಲು ನೋಡುತ್ತೇನೆ.

ಪಿನಾಕಿನಿ ದಂಡೆ

ರಾಜ್ಯೋತ್ಸವದ ದಿನ ಹಳದಿ–ಕೆಂಪು ಬಾವುಟವೂ ಇರುತ್ತದೆಯಲ್ಲ, ಎರಡನ್ನೂ ಒಂದೇ ಕಂಬಕ್ಕೆ ಒಂದರ ಕೆಳಗೊಂದು ಕಟ್ಟಿದ್ದನ್ನು ಕಂಡಿದ್ದೇನೆ.

ಕಾಯಿದೆ ಕನ್ನಡಕ

ಒಂದೇ ಕಂಬದಲ್ಲಿ ರಾಷ್ಟ್ರಧ್ವಜದ ಜೊತೆಗೆ ಬೇರೆ ಯಾವ ಬಾವುಟವೂ ಹಾರುವಂತಿಲ್ಲ. ಕನ್ನಡದ ಬಾವುಟಕ್ಕೆ ಬೇರೆ ಕಂಬ ನಿಲ್ಲಿಸಿ, ಅದು ರಾಷ್ಟ್ರಧ್ವಜಕ್ಕಿಂತ ಎತ್ತರವಾಗದಿರಲಿ, ಸಮಸಮಕ್ಕೆ ಪಕ್ಕದಲ್ಲಿಯೂ ಬೇಡ.

ಒಂದೇ ಮಾತು

ಕಂಬ ಒಂದೇ ಇರುವ ಊರುಗಳಲ್ಲಿ?

ಹಗ್ಗ ಹಿಡಿದವ

ಬಿದಿರಿಗೆ ಬರವಿಲ್ಲ.

ಕರಿಹಲಗೆ

ಒಂದು ಪ್ರಶ್ನೆ ಕೇಳಿ ಹತ್ತು ಉತ್ತರ ಪಡೆದೆ, ಎಲ್ಲರಿಗೂ ಕೃತಜ್ಞಳು. ಆದರೆ ಮೊದಲ ಪ್ರಶ್ನೆ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಮುಖ್ಯೋಪಾಧ್ಯಾಯರು ‘ಧ್ವಜವಂದನೆ’ ಎಂದು ಹಾಕಿಬಿಡಿ, ಎರಡೂ ಕಡೆಯವರಿಗೆ ಸಮಾಧಾನವಾಗುತ್ತದೆ ಎನ್ನುತ್ತಿದ್ದಾರೆ.

ಅರ್ಥಕೋಶ

ಧ್ವಜವಂದನೆ ಒಳ್ಳೆಯ ಪದವೇ, ಆದರೆ ಅದು ಬಾವುಟ ಹಾರಿದ ಮೇಲೆ ನಾವು ಮಾಡುವ ಕೆಲಸ. ಆರೋಹಣದ ವೇಳೆಯನ್ನು ತಿಳಿಸಲು ವಂದನೆಯ ಹಿಂದೆ ಅಡಗಿಕೊಳ್ಳಬೇಕೇ? ಬಾವುಟ ಕೆಳಗಿನಿಂದ ಮೇಲಕ್ಕೆ ಹೋಗಿಯೇ ಹೋಗಿರುತ್ತದೆ, ಹಿಂದಿನ ದಿನ ಹೋಯಿತೋ ಆ ಕ್ಷಣದಲ್ಲಿ ಹೋಯಿತೋ ಎಂಬುದಷ್ಟೇ ವ್ಯತ್ಯಾಸ. ಧೈರ್ಯವಾಗಿ ಧ್ವಜಾರೋಹಣ ಎಂದೇ ಬರೆಯಿರಿ.

ಮೂರನೇ ಬೆಂಚು

ಒಂದು ಆಕ್ಷೇಪವಿದೆ. ಅತಿಥಿಗಳು ಹೇಳಿದ ವ್ಯತ್ಯಾಸದಿಂದ ಮಕ್ಕಳಿಗೆ ಒಂದು ಲಾಭವೂ ಇದೆ. ಆಗಸ್ಟ್ 15 ಏಕೆ, ಜನವರಿ 26 ಏಕೆ, ಪ್ರಧಾನಿ ಯಾರು, ರಾಷ್ಟ್ರಪತಿ ಯಾರು ಎಂಬುದು ಆ ಎರಡು ಪದಗಳ ನೆಪದಲ್ಲಿ ನೆನಪಿನಲ್ಲಿ ಉಳಿಯುತ್ತದೆ. ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ.

ಕಾಯಿದೆ ಕನ್ನಡಕ

ಅದನ್ನು ಪಾಠದಲ್ಲಿ ಹೇಳಿಕೊಡಲಿ, ನನ್ನದೇನೂ ಅಡ್ಡಿಯಿಲ್ಲ. ಯಾರು ಹಾರಿಸಬೇಕು ಎಂಬುದಕ್ಕೂ ಒಂದು ಚರಿತ್ರೆ ಇದೆ. 1974ಕ್ಕೆ ಮುನ್ನ ರಾಜ್ಯಗಳಲ್ಲಿ ಎರಡೂ ದಿನ ರಾಜ್ಯಪಾಲರೇ ಹಾರಿಸುತ್ತಿದ್ದರು. ತಮಿಳುನಾಡಿನ ಕರುಣಾನಿಧಿಯವರು ಕೇಂದ್ರದೊಂದಿಗೆ ವಾದಿಸಿದ ಮೇಲೆ ಸ್ವಾತಂತ್ರ್ಯೋತ್ಸವದ ಅವಕಾಶ ಮುಖ್ಯಮಂತ್ರಿಗಳಿಗೆ ಸಿಕ್ಕಿತು. ಇಂದು ಬೆಂಗಳೂರಿನ ಮಾಣೆಕ್ ಷಾ ಪರೇಡ್ ಮೈದಾನದಲ್ಲಿ ಆಗಸ್ಟ್‌ಗೆ ಮುಖ್ಯಮಂತ್ರಿಗಳು, ಜನವರಿಗೆ ರಾಜ್ಯಪಾಲರು ಬರುವುದು ಅದರ ಫಲ. ಮಕ್ಕಳಿಗೆ ಹೇಳಲು ಇದು ಆರೋಹಣ–ಅನಾವರಣಕ್ಕಿಂತ ಒಳ್ಳೆಯ ಕಥೆ.

ನೂಲಿನೆಳೆ

ಮೇಡಂ, ಹಳೆಯ ಬಾವುಟದ ಗತಿ ಏನು? ಕಳೆದ ವರ್ಷದ್ದನ್ನೇ ಹಾರಿಸುತ್ತೀರಾ?

ಕರಿಹಲಗೆ

ನಿಮ್ಮ ಮಗಳ ಕಥೆ ಓದಿದ ಮೇಲೆ ಏಳನೆಯ ತರಗತಿಯವರಿಂದ ಅರಗಳನ್ನು ಎಣಿಸಿಸಿದೆ. 24 ಇವೆ, ಆದರೆ ಹೊರ ಅಂಚು ಒಂದು ಗೇಣಿನಷ್ಟು ಪಿಸಿದಿದೆ, ಕೇಸರಿ ಬಿಸಿಲಿಗೆ ಕಿತ್ತಳೆಯ ಸಿಪ್ಪೆಯಂತಾಗಿದೆ. ಹೊಸ ಖಾದಿ ಬಾವುಟ ತರಿಸಲು ಎಸ್‌ಡಿಎಂಸಿಯವರು ಒಪ್ಪಿದ್ದಾರೆ. ಹಳೆಯದನ್ನು ಏನು ಮಾಡಬೇಕು? ನಮ್ಮ ಕಪಾಟಿನಲ್ಲಿ ಅದಕ್ಕೂ ಹಿಂದಿನವು ಮೂರು ಇವೆ, ಎಸೆಯಲು ಯಾರಿಗೂ ಮನಸ್ಸು ಬಂದಿಲ್ಲ.

ಕಾಯಿದೆ ಕನ್ನಡಕ

ಹರಿದ ಅಥವಾ ಮಾಸಿದ ಬಾವುಟವನ್ನು ಹಾರಿಸಕೂಡದು, ಎಸೆಯಲೂ ಕೂಡದು. ನಾಲ್ಕು ಜನರ ಕಣ್ಣಿಗೆ ಬೀಳದಂತೆ ಏಕಾಂತದಲ್ಲಿ, ಇಡಿಯಾಗಿ, ಮೇಲಾಗಿ ಸುಡುವ ಮೂಲಕ, ಅದರ ಘನತೆಗೆ ಕುಂದು ಬಾರದ ಹಾಗೆ ವಿಸರ್ಜಿಸಬೇಕು. ಚೂರು ಮಾಡಿ ಒರೆಸುವ ಬಟ್ಟೆಯಾಗಿಸುವುದು ಬೇಡ.

ಹಗ್ಗ ಹಿಡಿದವ

ಒಮ್ಮೆ ನಾನೂ ನಮ್ಮ ಹೆಡ್‌ಮೇಷ್ಟ್ರೂ ಸಂಜೆ ಶಾಲೆ ಬಿಟ್ಟ ಮೇಲೆ ಹಿತ್ತಲಿನಲ್ಲಿ ಹಾಗೆ ಮಾಡಿದ್ದೆವು. ಖಾದಿ ಬೇಗ ಹತ್ತಿಕೊಂಡು ಬೂದಿಯಾಯಿತು. ಅದರ ನಡುವೆ ಸಿಕ್ಕಿಕೊಂಡಿದ್ದ ಒಣ ಚೆಂಡುಹೂವಿನ ಎಸಳೊಂದು ಮಾತ್ರ ಚಟಪಟ ಎಂದಿತು. ಇಬ್ಬರೂ ಏಕೋ ಮಾತನಾಡಲಿಲ್ಲ.

ಕರಿಹಲಗೆ

ಪತ್ರಿಕೆ ಅಚ್ಚಿಗೆ ಹೋಯಿತು. ‘ಬೆಳಿಗ್ಗೆ 8.30ಕ್ಕೆ ಧ್ವಜಾರೋಹಣ’ ಎಂದೇ ಹಾಕಿಸಿದ್ದೇನೆ. ಅದೇ ಹಿರಿಯರನ್ನು ಈ ಸಲವೂ ಕರೆದಿದ್ದೇವೆ. ಮನೆಗೆ ಹೋಗಿ ಪತ್ರಿಕೆ ಕೊಡುವಾಗ ಸಂಹಿತೆಯ ಎಸಳಿನ ವಾಕ್ಯವನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಹಾಗಾದರೆ ಸರಿ. ಆದರೆ ಎಸಳು ಕಡಿಮೆ ಹಾಕಿ” ಎಂದರು.

ಹಗ್ಗ ಹಿಡಿದವ

ಹಗ್ಗ ಬದಲಿಸಿದಿರಾ?

ಕರಿಹಲಗೆ

ಬದಲಿಸಿದೆವು ಮೇಷ್ಟ್ರೇ. ಗಡಗಡೆಗೆ ಎಣ್ಣೆಯನ್ನೂ ಬಿಟ್ಟೆವು. ನಾಲ್ಕು ದಿನಗಳಿಂದ ಏಳನೆಯ ತರಗತಿಯ ಇಬ್ಬರು ಹುಡುಗಿಯರು ಹಳೆಯ ಪಂಚೆಯೊಂದನ್ನು ಮಡಿಸಿ ಕಟ್ಟಿ ಜೀರುಗುಣಿಕೆಯನ್ನು ಅಭ್ಯಾಸ ಮಾಡುತ್ತಿದ್ದಾರೆ. ಇಂದು ಹನ್ನೊಂದು ಸಲ ಎಳೆದರು, ಹನ್ನೊಂದು ಸಲವೂ ಬಿಚ್ಚಿಕೊಂಡಿತು.